ಮೊಬೈಲ್‌ನಲ್ಲಿ ಆ್ಯಪ್ ಹಂಚಿಕೆಯ ಹಿಡಿತ ಒಬ್ಬರ ಕೈಯಲ್ಲಿದ್ದರೆ ಅದು ಏಕಸ್ವಾಮ್ಯವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಗೂಗಲ್‌ನ ಪ್ಲೇ ಸ್ಟೋರ್ ಮತ್ತು ಆ್ಯಪಲ್‌ನ ಆ್ಯಪ್ ಸ್ಟೋರ್ ಕುರಿತು ಭಾರತ, ಅಮೆರಿಕ ಹಾಗೂ ಯುರೋಪಿನಲ್ಲಿ ವರ್ಷಗಳಿಂದ ವ್ಯಾಜ್ಯಗಳು ನಡೆಯುತ್ತಿವೆ. ಆ್ಯಪ್ ತಯಾರಿಸುವವರು, ಕಾನೂನು ವಿದ್ಯಾರ್ಥಿಗಳು ಮತ್ತು ಮೊಬೈಲ್ ಬಳಸುವ ಸಾಮಾನ್ಯರು ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ನಮಗೆ ನೇರವಾಗಿ ತಟ್ಟುವುದು ಭಾರತದ ಪ್ರಕರಣಗಳಾದ್ದರಿಂದ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ: ಇದು ಏಕಸ್ವಾಮ್ಯ ಹೌದೋ ಅಲ್ಲವೋ?

ಭಾರತದ ಆಂಡ್ರಾಯ್ಡ್ ಫೋನ್‌ಗಳ ಮಟ್ಟಿಗೆ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರುಕಟ್ಟೆಯ ಪೈಪೋಟಿಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಭಾರತೀಯ ಸ್ಪರ್ಧಾ ಆಯೋಗವೂ ಗೂಗಲ್‌ಗೆ ಇಲ್ಲಿ ಪ್ರಬಲ ಸ್ಥಾನವಿದೆ ಎಂದೇ ತೀರ್ಮಾನಿಸಿದೆ. ಆದರೆ ಪ್ರಬಲ ಸ್ಥಾನದಲ್ಲಿರುವುದು ಬೇರೆ, ಕಾನೂನು ಮುರಿಯುವುದು ಬೇರೆ. ಈ ವಿಷಯದ ಚರ್ಚೆಗಳು ಹಳಿ ತಪ್ಪುವುದು ಹೆಚ್ಚಾಗಿ ಈ ಎರಡನ್ನೂ ಬೆರೆಸಿದಾಗಲೇ.

ಆಂಡ್ರಾಯ್ಡ್ ಬೇಡವಾದರೆ ಐಫೋನ್ ಇದೆ. ಇಬ್ಬರು ಇದ್ದ ಮೇಲೆ ಏಕಸ್ವಾಮ್ಯ ಎಲ್ಲಿಂದ ಬಂತು?

ಎಲ್ಲ ವಾದಗಳ ತಿರುಳೂ ಈ ಪ್ರಶ್ನೆಯಲ್ಲೇ ಇದೆ. ಯಾರಾದರೂ ಏಕಸ್ವಾಮಿಯೇ ಎಂದು ತೀರ್ಮಾನಿಸುವ ಮೊದಲು ಯಾವ ಮಾರುಕಟ್ಟೆಯಲ್ಲಿ ಎಂಬುದನ್ನು ಗೊತ್ತುಮಾಡಬೇಕು. ಎಲ್ಲ ಸ್ಮಾರ್ಟ್‌ಫೋನ್‌ಗಳನ್ನೂ ಸೇರಿಸಿ ಗೆರೆ ಎಳೆದರೆ ಇಬ್ಬರು ಸ್ಪರ್ಧಿಗಳು ಕಾಣುತ್ತಾರೆ. ಆಂಡ್ರಾಯ್ಡ್ ಫೋನ್‌ಗಳ ಸುತ್ತ ಮಾತ್ರ ಗೆರೆ ಎಳೆದರೆ ಕಾಣುವುದು ಒಬ್ಬರೇ. ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆಯೇ ಎಷ್ಟೋ ಮೊಕದ್ದಮೆಗಳು ಗೆದ್ದಿವೆ, ಸೋತಿವೆ.

ಗೆರೆ ಎಳೆಯುವಾಗ ಬದಲಿ ಆಯ್ಕೆ ನಿಜವಾಗಿಯೂ ಇದೆಯೇ ಎಂದು ನೋಡಬೇಕಾಗುತ್ತದೆ. ಹನ್ನೆರಡು ಸಾವಿರ ರೂಪಾಯಿಯ ಆಂಡ್ರಾಯ್ಡ್ ಫೋನ್ ಇಟ್ಟುಕೊಂಡವರು ಆ್ಯಪ್ ಒಳಗಿನ ಮಾರಾಟದಿಂದ ತಯಾರಕರು ಕೊಡಬೇಕಾದ ಕಮಿಷನ್ನನ್ನು ಪ್ಲೇ ಸ್ಟೋರ್ ಹೆಚ್ಚಿಸಿತೆಂಬ ಕಾರಣಕ್ಕೆ ಐಫೋನ್ ಕೊಳ್ಳಲು ಹೋಗುತ್ತಾರೆಯೇ? ಅಂಥ ಕಮಿಷನ್ ಇದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ. ಆ್ಯಪ್ ತಯಾರಿಸುವವರ ಕಡೆಯಿಂದ ನೋಡಿದರೆ ಪರಿಸ್ಥಿತಿ ಇನ್ನೂ ಬಿಗಿ. ಭಾರತದ ಸ್ಮಾರ್ಟ್‌ಫೋನ್‌ಗಳಲ್ಲಿ ಶೇ 90ಕ್ಕಿಂತ ಹೆಚ್ಚು ಆಂಡ್ರಾಯ್ಡ್‌ನವು. ಕನ್ನಡದಲ್ಲಿ ಕೃಷಿ ಮಾಹಿತಿಯ ಆ್ಯಪ್ ಮಾಡಿದವರು ಐಫೋನ್‌ಗೆ ಮಾತ್ರ ಕೊಡುತ್ತೇನೆ ಎಂದರೆ ಅವರ ಓದುಗರಲ್ಲಿ ಬಹುಪಾಲು ಜನ ಹೊರಗೇ ಉಳಿಯುತ್ತಾರೆ. ಆಯ್ಕೆ ಇದೆ ಎಂದು ಕಾಗದದ ಮೇಲೆ ಬರೆಯಬಹುದು, ಬದುಕಿನಲ್ಲಿ ಅದು ಇಲ್ಲ.

ನಮ್ಮ ಕಾನೂನಿನಲ್ಲಿ ದೊಡ್ಡದಾಗಿ ಬೆಳೆಯುವುದೇ ಅಪರಾಧವೇ?

ಅಲ್ಲ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಂ ನಿಷೇಧಿಸುವುದು ಪ್ರಬಲ ಸ್ಥಾನದ ದುರುಪಯೋಗವನ್ನು ಮಾತ್ರ. ಅನ್ಯಾಯದ ಷರತ್ತು ಹೇರುವುದು, ಬೇರೆಯವರಿಗೆ ಮಾರುಕಟ್ಟೆಯ ಪ್ರವೇಶ ತಡೆಯುವುದು, ಒಂದು ಕಡೆಯ ಬಲವನ್ನು ಬಳಸಿ ಇನ್ನೊಂದು ಮಾರುಕಟ್ಟೆಗೆ ಕೈ ಚಾಚುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಹಾಗಾಗಿ ಗೂಗಲ್ ದೊಡ್ಡದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಸಾಲದು, ಆ ದೊಡ್ಡತನವನ್ನು ಹೇಗೆ ಬಳಸಿತು ಎಂದು ಕೇಳಬೇಕು.

2022ರಲ್ಲಿ ಸ್ಪರ್ಧಾ ಆಯೋಗ ಏನು ಹೇಳಿತು?

ಆ ವರ್ಷದ ಅಕ್ಟೋಬರ್‌ನಲ್ಲಿ ಒಂದೇ ವಾರದಲ್ಲಿ ಎರಡು ಆದೇಶಗಳು ಹೊರಬಿದ್ದವು. ಅಕ್ಟೋಬರ್ 20ರದ್ದು ಆಂಡ್ರಾಯ್ಡ್ ಕುರಿತದ್ದು, ದಂಡ 1337.76 ಕೋಟಿ ರೂಪಾಯಿ. ಅಕ್ಟೋಬರ್ 25ರದ್ದು ಪ್ಲೇ ಸ್ಟೋರ್‌ನ ಪಾವತಿ ವ್ಯವಸ್ಥೆ ಕುರಿತದ್ದು, ದಂಡ 936.44 ಕೋಟಿ ರೂಪಾಯಿ.

ಮೊದಲನೆಯದರಲ್ಲಿ ಆಯೋಗ ಎಳೆದ ಗೆರೆ ಗಮನಾರ್ಹ. ಬೇರೆ ತಯಾರಕರಿಗೆ ಪರವಾನಗಿ ಕೊಡುವ ಮೊಬೈಲ್ ಆಪರೇಟಿಂಗ್ ಸಿಸ್ಟಂಗಳೇ ಒಂದು ಪ್ರತ್ಯೇಕ ಮಾರುಕಟ್ಟೆ, ಆಂಡ್ರಾಯ್ಡ್‌ನ ಆ್ಯಪ್ ಅಂಗಡಿಗಳು ಇನ್ನೊಂದು ಮಾರುಕಟ್ಟೆ ಎಂದು ಅದು ಹೇಳಿತು. ಆ್ಯಪಲ್ ತನ್ನ ಸಿಸ್ಟಂ ಅನ್ನು ಬೇರಾರಿಗೂ ಕೊಡುವುದಿಲ್ಲವಾದ್ದರಿಂದ ಐಫೋನ್ ಈ ಲೆಕ್ಕಕ್ಕೆ ಬರಲೇ ಇಲ್ಲ. ಫೋನ್ ತಯಾರಕರಿಗೆ ಪ್ಲೇ ಸ್ಟೋರ್ ಬೇಕೆಂದರೆ ಸರ್ಚ್, ಕ್ರೋಮ್, ಯೂಟ್ಯೂಬ್ ಮುಂತಾದ ಇಡೀ ಕಟ್ಟನ್ನೇ ಫೋನ್‌ನಲ್ಲಿ ಮೊದಲೇ ತುಂಬಬೇಕಿತ್ತು. ಆಂಡ್ರಾಯ್ಡ್‌ನ ಮಾರ್ಪಡಿಸಿದ ಆವೃತ್ತಿಗಳಿರುವ ಸಾಧನಗಳನ್ನು ತಯಾರಿಸುವುದಿಲ್ಲ ಎಂದು ಬರೆದುಕೊಡಬೇಕಿತ್ತು. ಪ್ಲೇ ಸ್ಟೋರ್ ಇಲ್ಲದ ಆಂಡ್ರಾಯ್ಡ್ ಫೋನ್ ನಮ್ಮಲ್ಲಿ ಮಾರಾಟವಾಗುವುದು ಕಷ್ಟವೆಂದು ತಯಾರಕರಿಗೂ ಗೊತ್ತು, ಗೂಗಲ್‌ಗೂ ಗೊತ್ತು.

ಎರಡನೆಯ ಆದೇಶ ಆ್ಯಪ್ ತಯಾರಕರ ಜೇಬಿಗೆ ಹತ್ತಿರವಾದದ್ದು. ಆ್ಯಪ್ ಒಳಗೆ ಡಿಜಿಟಲ್ ಸರಕು ಮಾರುವವರು ಗೂಗಲ್‌ನ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂಬ ಷರತ್ತು ಅನ್ಯಾಯದ್ದು, ಅದೇ ಷರತ್ತು ಗೂಗಲ್‌ನ ಸ್ವಂತ ಯೂಟ್ಯೂಬ್‌ಗೆ ಅನ್ವಯಿಸದಿರುವುದು ತಾರತಮ್ಯ ಎಂದು ಆಯೋಗ ಹೇಳಿತು.

ಯುಪಿಐ ಬಗ್ಗೆ ಆ ಆದೇಶದಲ್ಲಿರುವ ಭಾಗವನ್ನು ಎಲ್ಲರೂ ಓದಬೇಕು. ಪ್ಲೇ ಸ್ಟೋರ್‌ನಲ್ಲಿ ಗೂಗಲ್ ಪೇ ಮೂಲಕ ಹಣ ಕೊಡುವಾಗ ಆ ಆ್ಯಪ್ ತಾನಾಗಿ ತೆರೆದುಕೊಳ್ಳುತ್ತಿತ್ತು, ಪಿನ್ ಒತ್ತಿದರೆ ಮುಗಿಯಿತು. ಬೇರೆ ಯುಪಿಐ ಆ್ಯಪ್ ಬಳಸುವವರು ತಮ್ಮ ಯುಪಿಐ ಐಡಿಯನ್ನು ಟೈಪ್ ಮಾಡಬೇಕು, ಅಲ್ಲಿಂದ ಹೊರಬಂದು ಆ ಆ್ಯಪ್ ತೆರೆಯಬೇಕು, ಬಂದಿರುವ ಕೋರಿಕೆಯನ್ನು ಹುಡುಕಿ ಒಪ್ಪಿಗೆ ಕೊಟ್ಟು ಆಮೇಲೆ ಪಿನ್ ಒತ್ತಬೇಕು. ಐಡಿಯಲ್ಲಿ ಒಂದಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಯಾರನ್ನೂ ನಿಷೇಧಿಸಿರಲಿಲ್ಲ. ಪ್ರತಿಸ್ಪರ್ಧಿಯ ದಾರಿಯಲ್ಲಿ ನಾಲ್ಕು ಮೆಟ್ಟಿಲು ಹೆಚ್ಚಿಗೆ ಇದ್ದವು, ಅಷ್ಟೇ. ಆ್ಯಪ್ ಹಂಚಿಕೆಯ ಹಿಡಿತ ಬೇರೊಂದು ಮಾರುಕಟ್ಟೆಗೆ ಹೇಗೆ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ನೋಡಿಲ್ಲ.

ಆ ಆದೇಶಗಳು ಮೇಲ್ಮನವಿಯಲ್ಲಿ ಉಳಿದವೇ?

ಪೂರ್ತಿಯಾಗಿ ಉಳಿಯಲಿಲ್ಲ, ಪೂರ್ತಿಯಾಗಿ ಬೀಳಲೂ ಇಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೊದಲ ಆದೇಶಕ್ಕೆ ತಡೆ ಕೊಡಲು ನಿರಾಕರಿಸಿತು. ಆ ವರ್ಷದ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 1337.76 ಕೋಟಿಯ ದಂಡವನ್ನು ಎತ್ತಿಹಿಡಿಯಿತು. ಆದರೆ ಆಯೋಗದ ನಿರ್ದೇಶನಗಳಲ್ಲಿ ನಾಲ್ಕನ್ನು ತೆಗೆದುಹಾಕಿತು. ಪ್ಲೇ ಸ್ಟೋರ್ ಒಳಗೆ ಬೇರೆ ಆ್ಯಪ್ ಅಂಗಡಿಗಳಿಗೂ ಜಾಗ ಕೊಡಬೇಕು, ಹೊರಗಿನಿಂದ ಆ್ಯಪ್ ಹಂಚುವುದಕ್ಕೆ ಅಡ್ಡಿ ಮಾಡಬಾರದು ಎಂಬ ನಿರ್ದೇಶನಗಳು ಆ ನಾಲ್ಕರಲ್ಲಿದ್ದವು. ಹಂಚಿಕೆಯ ದೃಷ್ಟಿಯಿಂದ ನಿಜವಾಗಿ ಮುಖ್ಯವಾದವು ಅವೇ. ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. ಬಾಗಿಲು ತೆರೆಯುವುದು ನಿರ್ದೇಶನಗಳಿಂದ. ಅವನ್ನು ಕೈಬಿಟ್ಟದ್ದು ದೊಡ್ಡ ನಷ್ಟವೆಂದೇ ನಾನು ಭಾವಿಸುತ್ತೇನೆ.

ಪಾವತಿ ವ್ಯವಸ್ಥೆಯ ಪ್ರಕರಣದಲ್ಲಿ ಅದೇ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ ದುರುಪಯೋಗ ನಡೆದಿದೆ ಎಂಬುದನ್ನು ಭಾಗಶಃ ಒಪ್ಪಿ, ದಂಡವನ್ನು 216.69 ಕೋಟಿಗೆ ಇಳಿಸಿತು. ಆ ವ್ಯಾಜ್ಯವೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ.

ಅಮೆರಿಕದಲ್ಲಿ ಎಪಿಕ್ ಗೇಮ್ಸ್ ಕಂಪನಿ ಆ್ಯಪಲ್ ವಿರುದ್ಧ ಸೋತು ಗೂಗಲ್ ವಿರುದ್ಧ ಗೆದ್ದದ್ದು ಹೇಗೆ?

2020ರ ಆಗಸ್ಟ್ 13ರಂದು ಎಪಿಕ್ ತನ್ನ ಫೋರ್ಟ್‌ನೈಟ್ ಆಟದಲ್ಲಿ ಸ್ವಂತ ಪಾವತಿ ವ್ಯವಸ್ಥೆಯನ್ನು ಸೇರಿಸಿತು. ಅಂದೇ ಎರಡೂ ಅಂಗಡಿಗಳು ಆಟವನ್ನು ಕಿತ್ತುಹಾಕಿದವು, ಅಂದೇ ಎಪಿಕ್ ಇಬ್ಬರ ಮೇಲೂ ಮೊಕದ್ದಮೆ ಹೂಡಿತು.

ಆ್ಯಪಲ್ ಪ್ರಕರಣವನ್ನು ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ ತಾವೇ ತೀರ್ಮಾನಿಸಿದರು. 2021ರ ಸೆಪ್ಟೆಂಬರ್ 10ರ ತೀರ್ಪಿನಲ್ಲಿ ಅವರು ಮಾರುಕಟ್ಟೆಯ ಗೆರೆಯನ್ನು ಮೊಬೈಲ್ ಆಟಗಳ ಡಿಜಿಟಲ್ ವಹಿವಾಟಿನ ಸುತ್ತ ಎಳೆದರು. ಅದರಲ್ಲಿ ಆ್ಯಪಲ್‌ನ ಪಾಲು ಶೇ 52ರಿಂದ 57. ಲಾಭದ ಪ್ರಮಾಣ ಅಸಾಧಾರಣವಾಗಿದ್ದರೂ ಅಷ್ಟರಿಂದಲೇ ಏಕಸ್ವಾಮ್ಯ ಸಾಬೀತಾಗುವುದಿಲ್ಲ ಎಂದರು. ಆದರೆ ಹೊರಗೆ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಗ್ರಾಹಕರಿಗೆ ತಿಳಿಸದಂತೆ ತಯಾರಕರ ಬಾಯಿ ಕಟ್ಟುವುದು ಕ್ಯಾಲಿಫೋರ್ನಿಯಾದ ಕಾನೂನಿಗೆ ವಿರುದ್ಧ ಎಂದೂ ಹೇಳಿದರು.

ಗೂಗಲ್ ಪ್ರಕರಣ ಹೋದದ್ದು ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರ ತಂಡದ ಮುಂದೆ. 2023ರ ಡಿಸೆಂಬರ್ 11ರಂದು ಸ್ಯಾನ್ ಫ್ರಾನ್ಸಿಸ್ಕೋದ ಆ ಜ್ಯೂರಿ ಒಮ್ಮತದಿಂದ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆ ಎಂದಿತು. ಇಲ್ಲಿ ಗೆರೆ ಬಿದ್ದದ್ದು ಆಂಡ್ರಾಯ್ಡ್ ಆ್ಯಪ್ ಹಂಚಿಕೆಯ ಸುತ್ತ. ದೊಡ್ಡ ಆಟ ತಯಾರಕರು ತಮ್ಮದೇ ಅಂಗಡಿ ತೆರೆಯದಂತೆ ಅವರ ಜತೆ ಮಾಡಿಕೊಂಡ ಹಣಕಾಸಿನ ಒಪ್ಪಂದಗಳು, ಫೋನ್ ತಯಾರಕರೊಂದಿಗೆ ವರಮಾನ ಹಂಚಿಕೊಂಡ ಒಪ್ಪಂದಗಳು ವಿಚಾರಣೆಯಲ್ಲಿ ಬಯಲಾದವು. ಉದ್ಯೋಗಿಗಳ ಚಾಟ್ ಸಂದೇಶಗಳನ್ನು ಉಳಿಸಿಕೊಳ್ಳದೆ ಅಳಿಸಿಹೋಗಲು ಬಿಟ್ಟದ್ದೂ ಕಂಪನಿಗೆ ಮುಳುವಾಯಿತು. 2025ರ ಜುಲೈ 31ರಂದು ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು.

ಆ್ಯಪಲ್ ಬಾಗಿಲನ್ನು ಮೊದಲಿನಿಂದಲೂ ಪೂರ್ತಿ ಮುಚ್ಚಿಟ್ಟಿತ್ತು, ಅದಕ್ಕೆ ಯಾರೊಂದಿಗೂ ಒಪ್ಪಂದ ಬೇಕಿರಲಿಲ್ಲ. ಗೂಗಲ್ ಬಾಗಿಲು ತೆರೆದಿದೆ ಎಂದು ಹೇಳುತ್ತಲೇ, ಯಾರೂ ಅದರಿಂದ ಹೊರಹೋಗದಂತೆ ಹಣ ಕೊಟ್ಟು ಒಪ್ಪಂದ ಮಾಡಿಕೊಂಡಿತು. ಕಾನೂನಿನ ಕೈಗೆ ಸಾಕ್ಷ್ಯವಾಗಿ ಸಿಕ್ಕಿದ್ದು ಆ ಒಪ್ಪಂದಗಳು. ಇದರಿಂದಾಗಿ ಹೆಚ್ಚು ಮುಚ್ಚಿಟ್ಟವರು ಪಾರಾದರು. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ನ್ಯಾಯಾಲಯಗಳಿಗಿಂತ ಪ್ರತ್ಯೇಕ ಶಾಸನವೇ ಬೇಕೆಂದು ಹಲವು ದೇಶಗಳು ಹೊರಟದ್ದಕ್ಕೆ ಇಂಥ ವೈರುಧ್ಯಗಳೂ ಕಾರಣ.

ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಬಹುದಲ್ಲ?

ಹಾಕಿಕೊಳ್ಳಬಹುದು. ಹೇಗೆಂದು ಒಮ್ಮೆ ನೋಡಿ. ಬ್ರೌಸರ್‌ನಲ್ಲಿ ಎಪಿಕೆ ಕಡತವನ್ನು, ಅಂದರೆ ಆ್ಯಪ್ ಹಾಕಿಕೊಳ್ಳುವ ಕಡತವನ್ನು, ಇಳಿಸಿಕೊಳ್ಳಲು ಹೋದರೆ ಈ ಕಡತ ಅಪಾಯಕಾರಿಯಾಗಿರಬಹುದು ಎಂಬ ಎಚ್ಚರಿಕೆ ಬರುತ್ತದೆ. ತೆರೆದರೆ, ಈ ಮೂಲದಿಂದ ಆ್ಯಪ್ ಹಾಕಲು ನಿಮ್ಮ ಫೋನ್‌ಗೆ ಅನುಮತಿ ಇಲ್ಲ ಎನ್ನುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಬ್ರೌಸರ್‌ಗೆ ಅನುಮತಿ ಕೊಟ್ಟು ಹಿಂದಿರುಗಬೇಕು. ಆಮೇಲೆ ಗೂಗಲ್‌ನ ಭದ್ರತಾ ವ್ಯವಸ್ಥೆಯಾದ ಪ್ಲೇ ಪ್ರೊಟೆಕ್ಟ್‌ನ ತಪಾಸಣೆ. ತಂತ್ರಜ್ಞಾನ ಬಲ್ಲವರಿಗೆ ಇದು ಒಂದು ನಿಮಿಷದ ಕೆಲಸ. ಹಳ್ಳಿಯಲ್ಲಿ ಮೊದಲ ಬಾರಿ ಸ್ಮಾರ್ಟ್‌ಫೋನ್ ಹಿಡಿದವರು ಮೊದಲ ಎಚ್ಚರಿಕೆಯಲ್ಲೇ ಹಿಂದೆ ಸರಿಯುತ್ತಾರೆ, ಸರಿಯಬೇಕಾದದ್ದೂ ಹೌದು.

ಈಗ ಇನ್ನೊಂದು ಬೆಳವಣಿಗೆಯಿದೆ. ಹೊರಗಿನಿಂದ ಹಂಚುವ ಡೆವಲಪರ್‌ಗಳೂ ತಮ್ಮ ಗುರುತನ್ನು ತನ್ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ 2026ರ ಸೆಪ್ಟೆಂಬರ್‌ನಿಂದ, ಉಳಿದೆಡೆ 2027ರಿಂದ ಎಂಬುದು ಅಂದು ಹೇಳಿದ ಯೋಜನೆ. ವಿರೋಧ ಬಂದ ಮೇಲೆ, ಅನುಭವಿ ಬಳಕೆದಾರರಿಗೆ ಬೇರೆ ದಾರಿ ಇಡುವುದಾಗಿ ಹೇಳಿದೆ. ಅಂಗಡಿಯ ಹೊರಗೆ ಮಾರುವವರೂ ಅಂಗಡಿಯವರಿಂದಲೇ ಗುರುತಿನ ಚೀಟಿ ಪಡೆಯಬೇಕಾದರೆ ಹೊರಗಿನ ದಾರಿಯೂ ಅವರ ಹಿಡಿತಕ್ಕೇ ಬರುತ್ತದೆ ಎಂಬುದು ನನ್ನ ಆತಂಕ.

ಭದ್ರತೆಯ ಮಾತು ಬರೀ ನೆಪವೇ?

ಖಂಡಿತ ಅಲ್ಲ. ನಮ್ಮಲ್ಲಿ ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಕಡತ ಕಳುಹಿಸಿ ಹಣ ದೋಚುವ ವಂಚನೆಗಳು ನಡೆಯುತ್ತಲೇ ಇವೆ. ಕಡತ ಒತ್ತಿ ಅನುಮತಿ ಕೊಟ್ಟೊಡನೆ ಸೇರಿಕೊಳ್ಳುವ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಗಳನ್ನು ಕದಿಯುತ್ತದೆ. ಹಣ ಕಳೆದುಕೊಂಡವರ ಮುಂದೆ ನಿಂತು ಎಲ್ಲ ಎಚ್ಚರಿಕೆಗಳನ್ನೂ ತೆಗೆದುಹಾಕಿ ಎಂದು ಯಾರೂ ಹೇಳಲಾರರು.

ಆದರೆ ಭದ್ರತೆಯ ವಾದ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ನೋಡಬೇಕು. ಆ್ಯಪ್‌ನಲ್ಲಿ ವೈರಸ್ ಇದೆಯೇ ಎಂದು ತಪಾಸಣೆ ಮಾಡುವುದಕ್ಕೆ ಅದು ಸಲ್ಲುತ್ತದೆ. ತಪಾಸಣೆಯಲ್ಲಿ ಪಾಸಾದ ಆ್ಯಪ್ ಪ್ರತಿ ಮಾರಾಟದಲ್ಲೂ ಪಾಲು ಕೊಡಬೇಕು ಎಂಬುದಕ್ಕೆ ಅದು ಸಲ್ಲುವುದಿಲ್ಲ. ಬೇರೆ ಕಡೆ ಅಗ್ಗವಾಗಿ ಸಿಗುತ್ತದೆ ಎಂದು ಬರೆಯಬಾರದು ಎಂಬುದಕ್ಕಂತೂ ಸಲ್ಲುವುದೇ ಇಲ್ಲ.

ಶೇ 30 ಕಮಿಷನ್ ಎನ್ನುವುದು ನಿಜವೇ?

ಎಲ್ಲರಿಗೂ ಅಷ್ಟಿಲ್ಲ. ಉಚಿತ ಆ್ಯಪ್‌ಗಳು ಮತ್ತು ಭೌತಿಕ ಸರಕು, ಸೇವೆ ಮಾರುವ ಆ್ಯಪ್‌ಗಳು ಕಮಿಷನ್ ಕೊಡಬೇಕಿಲ್ಲ; ಊಟ ತರಿಸುವುದು, ಟ್ಯಾಕ್ಸಿ ಕರೆಯುವುದು ಈ ಗುಂಪಿಗೆ ಸೇರುತ್ತವೆ. ಡಿಜಿಟಲ್ ಸರಕು ಮಾರುವವರಿಗೆ ಪ್ಲೇ ಸ್ಟೋರ್‌ನಲ್ಲಿ ವರ್ಷದ ಮೊದಲ 10 ಲಕ್ಷ ಡಾಲರ್ ವರಮಾನದ ಮೇಲೆ ಶೇ 15, ಅದರಾಚೆಗೆ ಶೇ 30 ಎಂಬುದು ಈ ವ್ಯಾಜ್ಯಗಳ ಕಾಲದಲ್ಲಿದ್ದ ಸಾಮಾನ್ಯ ದರ. ಚಂದಾ ಸೇವೆಗಳಿಗೆ ಶೇ 15.

ಬಿಡಿಸಿ ನೋಡೋಣ. ತೆರಿಗೆ ಬಿಟ್ಟು 100 ರೂಪಾಯಿಯ ಚಂದಾ ಎಂದಿಟ್ಟುಕೊಳ್ಳಿ. ಗೂಗಲ್‌ನ ವ್ಯವಸ್ಥೆಯಲ್ಲಿ 15 ರೂಪಾಯಿ ಹೋಗುತ್ತದೆ. ಸ್ಪರ್ಧಾ ಆಯೋಗದ ಆದೇಶದ ನಂತರ ಬೇರೆ ಪಾವತಿ ವ್ಯವಸ್ಥೆಯನ್ನೂ ಜತೆಗಿಡಬಹುದು ಎಂದಾಯಿತು. ಗ್ರಾಹಕರು ಅದನ್ನು ಆರಿಸಿಕೊಂಡರೆ ಗೂಗಲ್‌ನ ಪಾಲು 4 ರೂಪಾಯಿ ಇಳಿದು 11 ಆಗುತ್ತದೆ. ಹೊರಗಿನ ಪಾವತಿ ಸೇವೆಗೆ ಸುಮಾರು 2 ರೂಪಾಯಿ ಕೊಟ್ಟರೆ ಒಟ್ಟು 13. ಗೂಗಲ್ ಮುಟ್ಟದೇ ಇರುವ ವ್ಯವಹಾರಕ್ಕೂ 11 ರೂಪಾಯಿ ಗೂಗಲ್‌ಗೆ ಸೇರುತ್ತದೆ. ಆಯ್ಕೆ ಸಿಕ್ಕಿದೆ ನಿಜ, ಆದರೆ ಆ ಆಯ್ಕೆಯ ಲಾಭ 2 ರೂಪಾಯಿ. 2021ರಲ್ಲಿ ಈ ಬಗ್ಗೆ ಕಾನೂನು ತಂದ ಮೊದಲ ದೇಶವಾದ ದಕ್ಷಿಣ ಕೊರಿಯಾದಲ್ಲೂ ಆದದ್ದು ಇದೇ: ಹೊರಗಿನ ಪಾವತಿಗೆ ಅವಕಾಶ ಸಿಕ್ಕಿತು, ಕಮಿಷನ್ ಅದಕ್ಕೂ ಅಂಟಿಕೊಂಡೇ ಬಂತು.

ಎಪಿಎಂಸಿ ಪ್ರಾಂಗಣದಲ್ಲೂ ಮಾರುಕಟ್ಟೆ ಶುಲ್ಕ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆ ಶುಲ್ಕವನ್ನು ನಿಗದಿ ಮಾಡುವುದು ಸರ್ಕಾರ, ಹೆಚ್ಚಾದರೆ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಬಹುದು. ಆ್ಯಪ್ ಅಂಗಡಿಯ ಶುಲ್ಕವನ್ನು ನಿಗದಿ ಮಾಡುವುದು, ಅದೇ ಅಂಗಡಿಯಲ್ಲಿ ತನ್ನ ಸರಕನ್ನೂ ಮಾರುವ ಕಂಪನಿ.

ನಾನು ಬರೀ ಉಚಿತ ಆ್ಯಪ್ ಬಳಸುತ್ತೇನೆ. ನನಗೇನು ನಷ್ಟ?

ಕಿಂಡಲ್ ಆ್ಯಪ್ ತೆರೆದು ನೋಡಿ. ಪುಸ್ತಕಗಳನ್ನು ಓದಬಹುದು, ಆದರೆ ಕೊಳ್ಳುವ ಗುಂಡಿ ಕಾಣುವುದಿಲ್ಲ. ಬ್ರೌಸರ್‌ಗೆ ಹೋಗಿ ಕೊಂಡು ಹಿಂದಿರುಗಬೇಕು. ಕಮಿಷನ್ ತಪ್ಪಿಸಿಕೊಳ್ಳಲು ಅಮೆಜಾನ್ ಐಫೋನ್‌ನಲ್ಲಿ 2011ರಲ್ಲೂ ಆಂಡ್ರಾಯ್ಡ್‌ನಲ್ಲಿ 2022ರಲ್ಲೂ ಆ ಸೌಲಭ್ಯ ತೆಗೆಯಿತು. 2025ರ ಏಪ್ರಿಲ್ 30ರಂದು ಅಮೆರಿಕದ ನ್ಯಾಯಾಲಯ, ಹೊರಗಿನ ಖರೀದಿಗೂ ಶೇ 27 ವಸೂಲಿಗೆ ಹೊರಟ ಆ್ಯಪಲ್ ನ್ಯಾಯಾಲಯದ ಹಿಂದಿನ ಆದೇಶವನ್ನು ಉಲ್ಲಂಘಿಸಿದೆ ಎಂದು ಹೇಳಿದ ಕೆಲವೇ ದಿನಗಳಲ್ಲಿ, ಅಲ್ಲಿನ ಐಫೋನ್‌ಗಳ ಕಿಂಡಲ್‌ನಲ್ಲಿ ಪುಸ್ತಕ ಪಡೆಯುವ ಗುಂಡಿ ಮರಳಿ ಬಂತು. ಒಂದು ಗುಂಡಿ ಇರಬೇಕೋ ಬೇಡವೋ ಎಂಬುದು ಇಂಥ ನಿಯಮಗಳ ಮೇಲೆ ನಿಂತಿದೆ.

2024ರ ಮಾರ್ಚ್‌ನಲ್ಲಿ ಭಾರತೀಯ ಆ್ಯಪ್‌ಗಳು ಮಾಯವಾದದ್ದು ಏಕೆ?

ಶುಲ್ಕದ ವಿವಾದದಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ರಕ್ಷಣೆ ಕೊಡದ ಕೆಲವೇ ವಾರಗಳಲ್ಲಿ, ಮಾರ್ಚ್ 1ರಂದು, ಭಾರತ್ ಮ್ಯಾಟ್ರಿಮೊನಿ, ನೌಕ್ರಿ, 99ಏಕರ್ಸ್ ಸೇರಿದಂತೆ ಹಲವು ಆ್ಯಪ್‌ಗಳನ್ನು ಗೂಗಲ್ ಪ್ಲೇ ಸ್ಟೋರ್‌ನಿಂದ ತೆಗೆಯಿತು. ಹತ್ತು ಕಂಪನಿಗಳು ವರ್ಷಗಳ ಕಾಲಾವಕಾಶ ಪಡೆದೂ ಶುಲ್ಕ ಕೊಟ್ಟಿಲ್ಲ ಎಂಬುದು ಅದರ ವಾದ. ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಮಧ್ಯಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಹಿಂದಿರುಗಿದವು.

ಬಾಕಿ ವಸೂಲಿ ಮಾಡುವ ಹಕ್ಕು ಯಾವ ವ್ಯಾಪಾರಿಗೂ ಇದೆ. ಆದರೆ ಷೇರುಪೇಟೆಯಲ್ಲಿರುವ ಕಂಪನಿಗಳೇ ಸಚಿವರ ಬಾಗಿಲು ತಟ್ಟಬೇಕಾಯಿತು. ಇಬ್ಬರು ಮೂವರು ಸೇರಿ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ನಡೆಸುವ ಪುಟ್ಟ ಕಂಪನಿಯ ಆ್ಯಪ್ ತೆಗೆದುಹಾಕಿದರೆ ಯಾವ ಸಚಿವರು ಸಭೆ ಕರೆಯುತ್ತಾರೆ? ನನ್ನನ್ನು ಹೆಚ್ಚು ಕಾಡುವುದು ಈ ಪ್ರಶ್ನೆ.

ಹಲವು ಆ್ಯಪ್ ಅಂಗಡಿಗಳು ಬಂದರೆ ಎಲ್ಲ ಸರಿಹೋಗುತ್ತದೆಯೇ?

ತಾನಾಗಿ ಸರಿಹೋಗುವುದಿಲ್ಲ. ಚೀನಾದಲ್ಲಿ ಗೂಗಲ್ ಪ್ಲೇ ಇಲ್ಲ. ಹುವಾವೆ, ಶವೋಮಿ, ಒಪ್ಪೊ, ವಿವೊ ಎಲ್ಲರದ್ದೂ ತಮ್ಮ ತಮ್ಮ ಅಂಗಡಿಗಳಿವೆ. ಹಾಗಿದ್ದರೂ ಆಟಗಳ ಮೇಲೆ ಅಲ್ಲಿ ಶೇ 50ರಷ್ಟು ಪಾಲು ಕೇಳುವುದು ರೂಢಿಯಲ್ಲಿತ್ತು. ಪ್ರತಿ ಫೋನ್ ತಯಾರಕನೂ ತನ್ನ ಫೋನ್‌ನ ಮಟ್ಟಿಗೆ ಒಡೆಯನಾದದ್ದೇ ಕಾರಣ.

ನಮ್ಮಲ್ಲಿ ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರುವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಆರಂಭಿಸಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದು ಸಿಗುತ್ತದೆ ಎಂಬುದು ಸಂತೋಷದ ಸಂಗತಿ. ಆದರೆ ಪ್ಲೇ ಸ್ಟೋರ್ ತನ್ನೊಳಗೆ ಬೇರೆ ಅಂಗಡಿಗೆ ಜಾಗ ಕೊಡುವುದಿಲ್ಲವಾದ್ದರಿಂದ, ಫೋನ್‌ನಲ್ಲಿ ಮೊದಲೇ ಇಲ್ಲದಿದ್ದರೆ ಅದನ್ನು ಹಾಕಿಕೊಳ್ಳಲು ಮೇಲೆ ಹೇಳಿದ ಎಚ್ಚರಿಕೆಗಳನ್ನೆಲ್ಲ ದಾಟಬೇಕು. ನ್ಯಾಯಮಂಡಳಿ ಕೈಬಿಟ್ಟ ನಿರ್ದೇಶನದ ಬೆಲೆ ಎಷ್ಟೆಂಬುದು ಇಲ್ಲಿ ಗೊತ್ತಾಗುತ್ತದೆ.

ಬೇರೆ ದೇಶಗಳು ಏನು ಮಾಡಿವೆ?

ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ ದೊಡ್ಡ ಕಂಪನಿಗಳಿಗೆ 2024ರ ಮಾರ್ಚ್ 7ರಿಂದ ಅನ್ವಯವಾಯಿತು. ಅದರ ಒತ್ತಡದಿಂದ ಅಲ್ಲಿನ ಐಫೋನ್‌ಗಳಲ್ಲಿ ಹೊರಗಿನ ಅಂಗಡಿಗಳಿಗೆ ಮೊದಲ ಬಾರಿ ಅವಕಾಶ ಸಿಕ್ಕಿತು. 2025ರ ಏಪ್ರಿಲ್‌ನಲ್ಲಿ, ಹೊರಗಿನ ಕೊಡುಗೆಗಳನ್ನು ಗ್ರಾಹಕರಿಗೆ ತಿಳಿಸಲು ಅಡ್ಡಿ ಮಾಡಿದ್ದಕ್ಕಾಗಿ ಆ್ಯಪಲ್‌ಗೆ 50 ಕೋಟಿ ಯೂರೊ ದಂಡ ಬಿತ್ತು. ಜಪಾನ್ ಕೂಡ 2024ರಲ್ಲಿ ಸ್ಮಾರ್ಟ್‌ಫೋನ್‌ಗಳಿಗೆಂದೇ ಕಾನೂನು ಮಾಡಿ 2025ರ ಡಿಸೆಂಬರ್‌ನಲ್ಲಿ ಪೂರ್ಣವಾಗಿ ಜಾರಿಗೆ ತಂದಿತು.

ಭಾರತದಲ್ಲಿ ಅಂಥ ಕಾನೂನು ಇಲ್ಲವೇ?

ಕರಡು ಇದೆ. ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯ ವರದಿಯೊಂದಿಗೆ 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂತು. ತಪ್ಪು ನಡೆದ ಮೇಲೆ ವರ್ಷಗಟ್ಟಲೆ ವಿಚಾರಣೆ ಮಾಡುವ ಬದಲು, ಬೃಹತ್ ಕಂಪನಿಗಳು ಏನು ಮಾಡಬಾರದು ಎಂಬುದನ್ನು ಮೊದಲೇ ಹೇಳಿಬಿಡುವುದು ಅದರ ಆಶಯ. ಆಂಡ್ರಾಯ್ಡ್ ತನಿಖೆಗೆ ಆಯೋಗ ಆದೇಶಿಸಿದ್ದು 2019ರಲ್ಲಿ, ಅಂತಿಮ ಆದೇಶ ಬಂದದ್ದು 2022ರಲ್ಲಿ, ಮೇಲ್ಮನವಿ ಇನ್ನೂ ಆಮೇಲೆ. ಅಷ್ಟು ಕಾಲ ಸಣ್ಣ ಕಂಪನಿಗಳು ಉಸಿರು ಹಿಡಿದಿರಲಾರವು. ಕರಡಿನಲ್ಲಿ ತಿದ್ದಬೇಕಾದದ್ದು ಇರಬಹುದು, ಆದರೆ ಇಂಥ ಕಾನೂನು ಬೇಕೇ ಬೇಕು.

ನಾನು ಆ್ಯಪ್ ಮಾಡುವವನು. ಸದ್ಯಕ್ಕೆ ಏನು ಮಾಡಬಹುದು?

ಶೇ 15ರ ದರಕ್ಕೆ ಬೇಕಾದ ನೋಂದಣಿ ವಿಧಿಯನ್ನು ಪೂರೈಸಿಕೊಂಡಿದ್ದೀರಾ ಎಂದು ನೋಡಿ. ಚಂದಾ ಮಾರುವುದಾದರೆ ನಿಮ್ಮದೇ ಜಾಲತಾಣದಲ್ಲೂ ಮಾರುವ ವ್ಯವಸ್ಥೆ ಇಡಿ, ಗ್ರಾಹಕರ ಇಮೇಲ್‌ಗಳು ನಿಮ್ಮ ಬಳಿ ಇರಲಿ. ಆ್ಯಪ್ ಒಂದು ದಿನ ಅಂಗಡಿಯಿಂದ ಮರೆಯಾದರೂ ಅವರನ್ನು ತಲುಪಲು ದಾರಿಯಿರುತ್ತದೆ. ಆ್ಯಪ್ ತೆಗೆದುಹಾಕಿದರೆ ಬಂದ ಪ್ರತಿ ನೋಟಿಸ್, ನೀವು ಕೊಟ್ಟ ಪ್ರತಿ ಉತ್ತರವನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಷರತ್ತು ಅನ್ಯಾಯದ್ದೆನಿಸಿದರೆ ನಿಗದಿತ ಶುಲ್ಕ ಕಟ್ಟಿ ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ಮಾಹಿತಿ ಸಲ್ಲಿಸಬಹುದು. ಆಂಡ್ರಾಯ್ಡ್ ಪ್ರಕರಣ ಶುರುವಾದದ್ದೂ ದೊಡ್ಡ ಕಂಪನಿಯ ದೂರಿನಿಂದಲ್ಲ, ಕೆಲವು ವ್ಯಕ್ತಿಗಳು ಹಾಗೆ ಸಲ್ಲಿಸಿದ ಮಾಹಿತಿಯಿಂದ.